ಮನೆ ಬದಲಿಸಿದ ನಾಯಿಗಳು: ಆತಕೂರಿನ ಕಾಳಿಯಿಂದ ನಮ್ಮನೆಯ ಕೆಂಚಿಯವರೆಗೆ

ಕೆಂಚಿ ನಮ್ಮ ಮನೆಗೆ ಬಂದ ಮೂರನೇ ದಿನ ಅಣ್ಣನ ಮಗಳ ಕೈಗೆ ಬಾಯಿ ಹಾಕಿತು.

ಬಂದಾಗಿನಿಂದ ಅದು ನಡುಮನೆಯ ಮಂಚದಡಿ ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿತ್ತು. ಹಾಕಿದ ಅನ್ನ ಹಾಗೇ ಒಣಗುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದಿಷ್ಟು ನೀರು ಕುಡಿಯುತ್ತಿತ್ತು, ಅಷ್ಟೇ. ಐದು ವರ್ಷದ ಮಗುವಿಗೆ ಅದನ್ನು ನೋಡಿ ಪಾಪ ಅನ್ನಿಸಿದೆ. ಬಿಸ್ಕತ್ತು ಹಿಡಿದು ಮಂಚದಡಿಗೇ ತೂರಿದೆ. ಒಂದು ಗುರ್ ಸದ್ದು, ಹಿಂದೆಯೇ ಮಗುವಿನ ಕಿರುಚಾಟ. ಮುಂಗೈ ಮೇಲೆ ಹಲ್ಲು ತರಚಿದ ಗುರುತು.

ಸೋಪು ಹಚ್ಚಿ ನಲ್ಲಿ ನೀರಿನಡಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ರೇಬೀಸ್ ಇಂಜೆಕ್ಷನ್ ಶುರು ಮಾಡಿಸಿದೆವು. ವಾಪಸ್ ಬಂದಾಗ ಅಪ್ಪ ಜಗುಲಿ ಮೇಲೆ ಕೂತಿದ್ದರು. ಪಕ್ಕದಲ್ಲಿ ಖಾಲಿ ಗೋಣಿಚೀಲ.

"ಬೀದೀಲಿ ಬೆಳ್ದಿದ್ ನಾಯಿ ಮನೆ ನಾಯಿ ಆಗಕಿಲ್ಲ ಕಣ್ಲಾ. ಚೀಲಕ್ ಹಾಕು, ಹೊಳೆ ಆಚೆಗ್ ಬುಟ್ಟು ಬತ್ತೀನಿ."

ಗೋಣಿಚೀಲಕ್ಕೆ ಹಾಕಿ ಹೊಳೆ ದಾಟಿಸುವುದು ಎಂದರೇನು ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರತಿ ಊರಲ್ಲೂ ಹಾಗೆ ಹೋದ ನಾಯಿಗಳಿವೆ. ಪಕ್ಕದೂರಿನಿಂದ ಹಾಗೇ ಬಂದ ನಾಯಿಗಳೂ ಇವೆ.

ಅವ್ವ ಅಡ್ಡ ಬಂದರು. "ಮಗೀನ್ ಕೈ ವಾಸಿ ಆಗಗಂಟ ಸುಮ್ಕಿರಿ. ಆಮ್ಯಾಕ್ ನೋಡವ." ದೀಪಾವಳಿ ಆಗಷ್ಟೇ ಮುಗಿದಿತ್ತು. ಕೊನೆಗೆ ಅಪ್ಪ ಗಡುವು ಕೊಟ್ಟರು: "ಸಂಕ್ರಾಂತಿ ಗಂಟ ನೋಡ್ತೀನಿ."

ಆ ಗಡುವು ತಲೆಯಲ್ಲಿಟ್ಟುಕೊಂಡೇ ನಾನು ಓದಲು ಕೂತದ್ದು. ನಾಯಿಯ ಬಗ್ಗೆ ಸಲಹೆ ಹುಡುಕುತ್ತಾ ಹೋದವನಿಗೆ ಚರಿತ್ರೆ ಸಿಕ್ಕಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಬೀದಿಯಿಂದ ಮನೆಗೆ ಬಂದ ನಾಯಿಗಳ ಚರಿತ್ರೆ. ಅದರಲ್ಲಿ ಒಂದು ನಾಯಿ ನಮ್ಮ ಮಂಡ್ಯ ಜಿಲ್ಲೆಯದ್ದೇ.

ಕಾಯಿಲೆ ಬಿದ್ದ ಮರಿ

ಮೊದಲು ತುಂಬಾ ಹಿಂದಕ್ಕೆ ಹೋಗೋಣ. 1914ರಲ್ಲಿ ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಎಂಬಲ್ಲಿ ಕಲ್ಲು ಕ್ವಾರಿಯ ಕೂಲಿಯವರಿಗೆ ಒಂದು ಹಳೆಯ ಗೋರಿ ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು, ಜೊತೆಗೆ ಒಂದು ನಾಯಿಮರಿಯ ಮೂಳೆಗಳಿದ್ದವು. ಸುಮಾರು 14,000 ವರ್ಷ ಹಳೆಯ ಗೋರಿ. ಆಗ ಬೇಸಾಯವೇ ಇರಲಿಲ್ಲ, ಬೇಟೆಯಾಡಿ ಬದುಕುವ ಕಾಲ.

2018ರಲ್ಲಿ ವಿಜ್ಞಾನಿಗಳು ಆ ಮರಿಯ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದರು. ಸತ್ತಾಗ ಅದಕ್ಕೆ ಹೆಚ್ಚುಕಡಿಮೆ ಏಳು ತಿಂಗಳು. ಅದಕ್ಕೂ ಎರಡು ತಿಂಗಳು ಮೊದಲೇ ಅದಕ್ಕೆ ಡಿಸ್ಟೆಂಪರ್ ಬಂದಿದ್ದ ಗುರುತು ಹಲ್ಲಿನಲ್ಲಿತ್ತು. ಜ್ವರ, ವಾಂತಿ, ಭೇದಿ, ಕೊನೆಗೆ ಫಿಟ್ಸ್ ಬರುವ ಕಾಯಿಲೆ ಅದು. ಇವತ್ತಿಗೂ ಲಸಿಕೆ ಹಾಕಿಸದ ಮರಿಗಳನ್ನು ಕೊಲ್ಲುತ್ತದೆ. ಯಾರಾದರೂ ಮೈ ಬೆಚ್ಚಗಿಟ್ಟು, ನೀರು ಕುಡಿಸಿ, ಗಲೀಜು ಬಳಿದು ನೋಡಿಕೊಳ್ಳದಿದ್ದರೆ ಆ ಮರಿ ಅಷ್ಟು ವಾರ ಬದುಕುತ್ತಿರಲಿಲ್ಲ ಎಂದು ಆ ವಿಜ್ಞಾನಿಗಳು ಬರೆದರು.

ಬೇಟೆಗೂ ಆಗದ, ಕಾವಲಿಗೂ ಆಗದ ಮರಿ. ಆದರೂ ಯಾರೋ ನೋಡಿಕೊಂಡಿದ್ದಾರೆ, ಸತ್ತ ಮೇಲೆ ಮನುಷ್ಯರ ಜೊತೆ ಮಣ್ಣು ಮಾಡಿದ್ದಾರೆ. ನಮ್ಮ ದೇಶದಲ್ಲೂ ಇಂಥದ್ದಿದೆ. ಕಾಶ್ಮೀರದ ಬುರ್ಜಹೋಮ್ ಎಂಬಲ್ಲಿ ಹೊಸ ಶಿಲಾಯುಗದ ಜನ ಸತ್ತವರ ಜೊತೆ ನಾಯಿಗಳನ್ನೂ ಹೂಳಿದ್ದು ಉತ್ಖನನದಲ್ಲಿ ಸಿಕ್ಕಿದೆ.

'ನಾಯಿ ಅಂದ್ರೆ ಉಪಯೋಗ ಇರಬೇಕು' ಎಂಬ ಮಾತು ಹಳೆಯದು. ಉಪಯೋಗವಿಲ್ಲದ ನಾಯಿಯನ್ನೂ ಸಾಕಿದ್ದು ಅದಕ್ಕಿಂತ ಹೊಸದೇನಲ್ಲ.

ನಾಡು ಬೇಡ, ಕಾಳಿ ಸಾಕು

ಈಗ ನಮ್ಮ ಕಡೆಗೆ ಬನ್ನಿ. ಮದ್ದೂರು ತಾಲ್ಲೂಕಿನ ಆತಕೂರು. ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ಇದ್ದ ಒಂದು ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಕಲ್ಲಿನಲ್ಲಿ ನಾಯಿಯೂ ಕಾಡುಹಂದಿಯೂ ಸೆಣಸುವ ಚಿತ್ರ, ಸುತ್ತ ಹಳಗನ್ನಡದ ಬರಹ. ಕಾಲ ಕ್ರಿ.ಶ. 949-50.

ಆ ಬರಹದ ಹಿನ್ನೆಲೆ ಒಂದು ದೊಡ್ಡ ಯುದ್ಧ. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಕಾಳಗವಾಯಿತು. ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ. ಅದಕ್ಕೆ ಬಹುಮಾನವಾಗಿ ಕೃಷ್ಣ ಬೂತುಗನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನೇ ಕೊಟ್ಟ. ಈ ಸಂಖ್ಯೆಗಳು ಆಗಿನ ಆಡಳಿತದಲ್ಲಿ ನಾಡುಗಳ ಹೆಸರಿನ ಜೊತೆಗೇ ಬರುತ್ತಿದ್ದವು.

ಬೂತುಗನ ಮುಂದೆ ನಿಂತು ಕಾದಿದವನು ಅವನ ಆಳು ಮಣಲೇರ. ಬೂತುಗ ಮೆಚ್ಚಿ, ಬೇಕಾದ್ದು ಕೇಳು ಅಂದ. ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಬೂತುಗನ ಬಳಿಯಿದ್ದ ಕಾಳಿ ಎಂಬ ನಾಯಿ.

ಸ್ವಲ್ಪ ಯೋಚಿಸಿ. ದೊರೆ ನಾಡುಗಳನ್ನೇ ಗೆದ್ದುಕೊಂಡು ಕೂತಿದ್ದಾನೆ. ಏನು ಬೇಕಾದರೂ ಕೇಳಬಹುದಾದ ಗಳಿಗೆ. ಈತ ಕೇಳಿದ್ದು ಕಾಳಿಯನ್ನು.

ಹೀಗೆ ಕಾಳಿ ಕೈ ಬದಲಿಸಿತು. ದೊರೆಯ ಮನೆಯ ನಾಯಿ ಆಳಿನ ಮನೆಗೆ ಬಂತು. ಆಮೇಲೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಒಂದನ್ನೊಂದು ಕೊಂದು ಸತ್ತವು. ಅದರ ನೆನಪಿಗೆ ಈ ಕಲ್ಲು ನಿಲ್ಲಿಸಿ, ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಅಲ್ಲಿ ಪೂಜೆ ಮಾಡುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದೂ ಕೆತ್ತಿಸಿದರು.

ಮನುಷ್ಯ ಊಟಕ್ಕೆ ಕೂರುವ ಮೊದಲು ನಾಯಿಯ ಕಲ್ಲಿಗೆ ಪೂಜೆ ಆಗಬೇಕು! ಸಾವಿರ ವರ್ಷದ ಹಿಂದೆ ನಮ್ಮ ಮದ್ದೂರು ಸೀಮೆಯಲ್ಲಿ ಹೀಗೊಂದು ಕಟ್ಟಳೆ ಇತ್ತು. ಇವತ್ತಿಗೂ ಮೈಲಾರಲಿಂಗನ ಒಕ್ಕಲಿನ ವಗ್ಗಯ್ಯಗಳು ನಾಯಿಯಂತೆ ಬೊಗಳುತ್ತಾ ದೋಣಿಯಲ್ಲಿಟ್ಟ ಎಡೆ ತಿನ್ನುವುದನ್ನು ಜಾತ್ರೆಗಳಲ್ಲಿ ನೋಡುತ್ತೇವೆ. ಅಲ್ಲಿ ನಾಯಿಯಾಗುವುದು ದೇವರ ಸೇವೆ, ಅವಮಾನವಲ್ಲ.

ಈ ಕತೆಯನ್ನು ನಾನು ಊಟದ ಹೊತ್ತಲ್ಲಿ ಅಪ್ಪನಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಅಂದರು: "ಅದು ಹಂದಿ ಹಿಡಿಯೋ ನಾಯಿ. ನಿನ್ ಕೆಂಚಿ ಮಗೀನ್ ಕೈ ಹಿಡೀತು."

ಮಾತಿಗೆ ಮಾತು ಸರಿಯಾಗಿಯೇ ಇತ್ತು. ನಾನು ಮತ್ತೆ ಓದಲು ಕೂತೆ.

ತಪ್ಪಿಲ್ಲದೆ ಏಟು ತಿಂದ ಮರಿ

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ನಾಯಿ ಹೋದ ಕತೆ ಎಲ್ಲರಿಗೂ ಗೊತ್ತು. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಅಂದವನು ಅವನು. ಆದರೆ ಮಹಾಭಾರತದ ಮೊದಲಲ್ಲೂ ಒಂದು ನಾಯಿ ಇದೆ, ಅದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಜನಮೇಜಯ ಯಾಗ ಮಾಡುತ್ತಿದ್ದಾನೆ. ಅಲ್ಲಿಗೆ ಒಂದು ನಾಯಿಮರಿ ಬರುತ್ತದೆ. ಜನಮೇಜಯನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತಾ ತಾಯಿ ಸರಮೆಯ ಹತ್ತಿರ ಹೋಗುತ್ತದೆ. ನೀನೇ ಏನೋ ತಪ್ಪು ಮಾಡಿರಬೇಕು ಅನ್ನುತ್ತಾಳೆ ತಾಯಿ. ಹವಿಸ್ಸನ್ನು ನೋಡಲಿಲ್ಲ, ನೆಕ್ಕಲೂ ಇಲ್ಲ ಅನ್ನುತ್ತದೆ ಮರಿ. ಸರಮೆ ನೇರ ಯಾಗಶಾಲೆಗೆ ಬಂದು, ತಪ್ಪು ಮಾಡದವನನ್ನು ಹೊಡೆದಿರಿ, ಕಾಣದ ಕಡೆಯಿಂದ ನಿಮಗೆ ಭಯ ಬರುತ್ತದೆ ಎಂದು ಶಾಪ ಹಾಕುತ್ತಾಳೆ. ರಾಜನಿಗೆ ಉತ್ತರ ಕೊಡಲು ಬಾಯಿ ಬರುವುದಿಲ್ಲ.

ಕೆಂಚಿಯ ಬಲ ತೊಡೆಯ ಮೇಲೆ ಒಂದು ಉದ್ದನೆ ಗಾಯದ ಕಲೆಯಿದೆ, ಕೂದಲು ಬೆಳೆದಿಲ್ಲ. ಪೊರಕೆ ಎತ್ತಿದರೆ ಅದು ನೆಲಕ್ಕೆ ಅಂಟಿಕೊಳ್ಳುತ್ತದೆ. ಯಾರು ಹೊಡೆದರು, ಯಾಕೆ ಹೊಡೆದರು ಅಂತ ಹೇಳಲು ಅದಕ್ಕೆ ಸರಮೆಯಂಥ ತಾಯಿ ಇಲ್ಲ.

ತಲೆಗೆ ಎಂಟಾಣೆ

ಬೀದಿ ನಾಯಿಯ ಮೇಲೆ ಸರ್ಕಾರಗಳೇ ಕೋಲು ಎತ್ತಿದ್ದು ಬ್ರಿಟಿಷರ ಕಾಲದಲ್ಲಿ. ನಾವು ಬೈಗುಳವಾಗಿ ಬಳಸುವ 'ಕಂತ್ರಿ ನಾಯಿ' ಕೂಡ ಅವರ 'ಕಂಟ್ರಿ' ಎಂಬ ಮಾತಿನಿಂದ ಬಂದದ್ದು ಅನ್ನುತ್ತಾರೆ. ಕಂಟ್ರಿ ಅಂದರೆ ನಾಡಿನದು, ಇಲ್ಲಿಯದು. ನಮ್ಮದೇ ನಾಡಿನ ನಾಯಿ ನಮ್ಮ ಬಾಯಲ್ಲಿ ಕೀಳಾಯಿತು.

ಬೊಂಬಾಯಿಯಲ್ಲಿ ವರ್ಷದ ಕೆಲವು ತಿಂಗಳು ಬೀದಿ ನಾಯಿಗಳನ್ನು ಕೊಲ್ಲಲು ಸರ್ಕಾರದ ಅಪ್ಪಣೆ ಇತ್ತು. ಒಂದು ನಾಯಿ ಕೊಂದರೆ ಎಂಟಾಣೆ. ದುಡ್ಡಿನ ಆಸೆಗೆ ಸಾಕಿದ ನಾಯಿಗಳನ್ನೂ ಹಿಡಿಯತೊಡಗಿದರು. ಪಾರ್ಸಿಗಳಿಗೆ ನಾಯಿ ಪವಿತ್ರ. ಸತ್ತವರ ಅಂತ್ಯಕ್ರಿಯೆಯಲ್ಲಿ ನಾಯಿಯ ಕಣ್ಣು ಹೆಣದ ಮೇಲೆ ಬೀಳಬೇಕು ಎಂಬುದು ಅವರ ಪದ್ಧತಿ. 1832ರ ಜೂನ್‌ನಲ್ಲಿ ಪಾರ್ಸಿಗಳು ತಿರುಗಿಬಿದ್ದರು. ಅಂಗಡಿಗಳು ಮುಚ್ಚಿದವು, ಸಿಪಾಯಿಗಳಿಗೆ ಹೋಗುವ ಆಹಾರ ಸಾಮಾನು ತಡೆದರು, ಕೊನೆಗೆ ಸೈನ್ಯ ಬೀದಿಗಿಳಿಯಿತು. ಚರಿತ್ರೆಯಲ್ಲಿ ಇದನ್ನು ಬೊಂಬಾಯಿಯ ನಾಯಿ ಗಲಭೆ ಅನ್ನುತ್ತಾರೆ.

ಆದರೆ ನಾಯಿಯ ಭಯ ಬರೀ ಸುಳ್ಳು ಭಯವಲ್ಲ, ಅದನ್ನೂ ಹೇಳಬೇಕು. ಹುಚ್ಚುನಾಯಿ ಕಡಿದರೆ ಸಾವೇ ಗತಿ ಎಂದಿದ್ದ ಕಾಲ. 1885ರಲ್ಲಿ ಫ್ರಾನ್ಸ್‌ನ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಲಸಿಕೆ ಕೊಟ್ಟು ಉಳಿಸಿದ. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. 1911ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ತಯಾರಿಸಿದ ಲಸಿಕೆಯೇ ನಮ್ಮ ಹಿರಿಯರು ಇಂದಿಗೂ ಹೆದರಿ ನೆನೆಯುವ, ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಇಂಜೆಕ್ಷನ್. 2004ರ ಹೊತ್ತಿಗೆ ಭಾರತ ಅದನ್ನು ನಿಲ್ಲಿಸಿತು. ಈಗ ಕೊಡುವುದು ತೋಳಿಗೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಇಂಜೆಕ್ಷನ್ ಬಿಟ್ಟು ಅರಿಶಿನ, ಸುಣ್ಣ ಹಚ್ಚಿ ಸುಮ್ಮನಾಗುವುದಕ್ಕೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇವತ್ತಿಗೂ ಇಲ್ಲವೆನ್ನುವಷ್ಟು ಅಪರೂಪ.

ಎರಡನೇ ಯಜಮಾನ ಸಿಗಬಹುದೆ?

ಯಜಮಾನನಿಲ್ಲದ ನಾಯಿಗೆ ಇನ್ನೊಂದು ಮನೆ ಹುಡುಕಿಕೊಡಬಹುದು ಎಂಬ ಯೋಚನೆಗೂ ಒಂದು ಚರಿತ್ರೆ ಇದೆ. 1860ರಲ್ಲಿ ಲಂಡನ್ನಿನ ಹಾಲೋವೇ ಎಂಬಲ್ಲಿ ಮೇರಿ ಟೀಲ್ಬಿ ಎಂಬ ಹೆಂಗಸು ಕಳೆದುಹೋದ, ಹಸಿದ ನಾಯಿಗಳಿಗೊಂದು ಆಶ್ರಯ ತೆರೆದಳು. ಪತ್ರಿಕೆಗಳು ಗೇಲಿ ಮಾಡಿದವು. ಮನುಷ್ಯರೇ ಹಸಿದು ಸಾಯುವಾಗ ನಾಯಿಗೆ ಮನೆಯೇ ಎಂದು ಕೇಳಿದವು. ಈ ಪ್ರಶ್ನೆಯನ್ನು ನಮ್ಮೂರ ಅರಳಿಕಟ್ಟೆಯಲ್ಲೂ ಕೇಳಿದ್ದೇನೆ, ಅದು ಕೇಳಬಾರದ ಪ್ರಶ್ನೆಯೂ ಅಲ್ಲ. ಟೀಲ್ಬಿ 1865ರಲ್ಲಿ ತೀರಿಕೊಂಡಳು. ಆಶ್ರಯ ಉಳಿಯಿತು. 1871ರಲ್ಲಿ ಅದು ಬ್ಯಾಟರ್‌ಸಿಗೆ ಹೋಯಿತು, ಇಂದಿಗೂ ನಡೆಯುತ್ತಿದೆ.

ಭಾರತದಲ್ಲಿ ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಿಂದಲೇ ಹೇಳುತ್ತಾ ಬಂದದ್ದು ಇಷ್ಟು: ಕೊಲ್ಲುವುದರಿಂದ ನಾಯಿ ಕಡಿಮೆ ಆಗುವುದಿಲ್ಲ. ಖಾಲಿಯಾದ ಬೀದಿಗೆ ಬೇರೆ ನಾಯಿ ಬರುತ್ತದೆ, ಮರಿ ಹಾಕುತ್ತದೆ. ಸಂತಾನಹರಣ ಆಪರೇಷನ್ ಮಾಡಿ, ಲಸಿಕೆ ಹಾಕಿ, ಅಲ್ಲೇ ಬಿಡಿ. ಈ ಮಾತು 2001ರಲ್ಲಿ ಇಡೀ ದೇಶದ ನಿಯಮವಾಯಿತು, 2023ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿ ನಾಯಿ ಪ್ರಕರಣದಲ್ಲಿ ಕೊಟ್ಟ ಆದೇಶದಲ್ಲಿ ದತ್ತು ತೆಗೆದುಕೊಳ್ಳುವವರ ಬಗ್ಗೆಯೂ ಒಂದು ಮಾತಿದೆ: ಬೀದಿ ನಾಯಿಯನ್ನು ದತ್ತು ಪಡೆಯಲು ಪಾಲಿಕೆಗೆ ಅರ್ಜಿ ಹಾಕಬಹುದು, ಆದರೆ ದತ್ತು ಪಡೆದ ಮೇಲೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ.

ಗೋಣಿಚೀಲದ ಬಗ್ಗೆ ಕೋರ್ಟು ಬರೆದಿಲ್ಲ. ಆದರೆ ಆ ಸಾಲು ಓದಿದಾಗ ನನಗೆ ನೆನಪಾದದ್ದು ಅದೇ.

ಬಾಗಿಲ ಕೆಳಗೆ ಹರಿದ ನೀರು

ಕೆಂಚಿ ಯಾಕೆ ಮಂಚದಡಿಯಿಂದ ಬರುವುದಿಲ್ಲ ಎಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ರಷ್ಯಾದ ಒಂದು ಪ್ರವಾಹದಲ್ಲಿ.

ಇವಾನ್ ಪಾವ್ಲೋವ್ ಹೆಸರನ್ನು ನೀವು ಶಾಲೆಯಲ್ಲಿ ಕೇಳಿರಬಹುದು. ಊಟದ ಜೊತೆ ಸದ್ದು ಮಾಡಿ ಮಾಡಿ, ಕೊನೆಗೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಬರುವಂತೆ ಮಾಡಿ ತೋರಿಸಿದ ವಿಜ್ಞಾನಿ. ಆತನ ಪ್ರಯೋಗಗಳಲ್ಲಿ ನಾಯಿಗಳು ನೋವನ್ನೂ ಉಂಡಿವೆ, ಅದನ್ನು ಮರೆಯುವಂತಿಲ್ಲ.

1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡ್ ನಗರಕ್ಕೆ ನದಿ ನುಗ್ಗಿತು. ಪಾವ್ಲೋವ್‌ನ ನಾಯಿಗಳು ಗೂಡುಗಳಲ್ಲಿದ್ದವು. ನೀರು ಏರುತ್ತಾ ಏರುತ್ತಾ ನಾಯಿಗಳು ಈಜತೊಡಗಿದವು. ಗೂಡಿನ ಬಾಗಿಲು ಕೆಳಗಿತ್ತು. ಹೊರಗೆ ತರಬೇಕೆಂದರೆ ನಾಯಿಯ ತಲೆಯನ್ನು ನೀರೊಳಗೆ ಅದುಮಿ ಎಳೆಯಬೇಕು. ಕೆಲಸದವರು ಹಾಗೇ ಮಾಡಿ ನಾಯಿಗಳನ್ನು ಉಳಿಸಿದರು.

ಉಳಿಸಿದ್ದೇನೋ ಸರಿ. ಆದರೆ ಕೆಲವು ನಾಯಿಗಳು ಮೊದಲಿನ ಹಾಗಿರಲಿಲ್ಲ. ಕಲಿತದ್ದು ಮರೆತಿದ್ದವು. ದಿನಾ ತಿನ್ನುತ್ತಿದ್ದ ಊಟ ಎದುರಿಗಿಟ್ಟರೂ ಮುಖ ತಿರುಗಿಸುತ್ತಿದ್ದವು. ವಾರಗಟ್ಟಲೆ ಹಿಡಿಯಿತು ಸರಿಹೋಗಲು. ಸರಿಹೋದ ಮೇಲೆ ಒಂದು ದಿನ ಪರೀಕ್ಷೆಗೆಂದು ಕೋಣೆಯ ಬಾಗಿಲ ಕೆಳಗಿನಿಂದ ಸ್ವಲ್ಪವೇ ನೀರು ಹರಿಯಬಿಟ್ಟರು. ಅಷ್ಟು ಸಾಕಾಯಿತು. ನಾಯಿ ನಡುಗಿತು, ಮತ್ತೆ ಊಟ ಬಿಟ್ಟಿತು.

ಇಲ್ಲಿ ಎರಡು ಪಾಠಗಳಿವೆ. ಒಂದು, ನಾಯಿಯನ್ನು ಉಳಿಸಿದ ಕೈಗಳೇ ಅದರ ತಲೆಯನ್ನು ನೀರಿಗೆ ಅದುಮಿದ್ದವು. ನಾವು ಉಳಿಸಿದ್ದೇವೆ ಅಂತ ನಮಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಕೆಂಚಿಯನ್ನು ಬಲೆ ಹಾಕಿ ಹಿಡಿದಿದ್ದಾರೆ, ಆಪರೇಷನ್ ಮಾಡಿದ್ದಾರೆ, ಪಂಜರದಲ್ಲಿಟ್ಟಿದ್ದಾರೆ, ಕೊನೆಗೆ ನಾನು ಗಾಡಿಯಲ್ಲಿ ಹಾಕಿಕೊಂಡು ನೂರಾರು ವಾಸನೆ ದಾಟಿಸಿ ತಂದಿದ್ದೇನೆ. ಎಲ್ಲವೂ ಅದರ ಒಳ್ಳೆಯದಕ್ಕೆ. ಅದರ ಪಾಲಿಗೆ ಎಲ್ಲವೂ ಪ್ರವಾಹ.

ಎರಡನೆಯದು ಇನ್ನೂ ಮುಖ್ಯ. ಆ ಹೆದರಿದ ನಾಯಿಯ ಕೋಣೆಯಲ್ಲಿ ಪ್ರಯೋಗ ಮಾಡುವವನೇ ಹೋಗಿ ಜೊತೆಗೆ ಕೂತರೆ ಅದು ಊಟ ಮಾಡುತ್ತಿತ್ತು. ಅವನು ಎದ್ದು ಹೊರಗೆ ಹೋದರೆ ಮತ್ತೆ ಬಿಡುತ್ತಿತ್ತು. ಮುದ್ದು ಮಾಡಿದ್ದಲ್ಲ, ಗದರಿಸಿದ್ದೂ ಅಲ್ಲ. ಗೊತ್ತಿರುವ ಮನುಷ್ಯನೊಬ್ಬ ಅಲ್ಲಿ ಕೂತಿದ್ದ, ಅಷ್ಟೇ.

ಆಮೇಲಿನ ವಿಜ್ಞಾನವೂ ಇದಕ್ಕೆ ಹೊಂದುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಹುಟ್ಟಿದ 3ನೇ ವಾರದಿಂದ 12ನೇ ವಾರದವರೆಗೆ ಮರಿ ಯಾರ ಜೊತೆ ಬೆಳೆಯುತ್ತದೋ ಅವರನ್ನು ತನ್ನವರೆಂದುಕೊಳ್ಳುತ್ತದೆ ಎಂಬುದು ಅವರು ಕಂಡದ್ದು. ಆ ಹೊತ್ತಿನಲ್ಲಿ ಮನುಷ್ಯರ ಕೈ ತಾಗದ ಮರಿಗೆ ಮುಂದೆ ಮನುಷ್ಯ ಅಂದರೆ ಭಯ. ಆ ಭಯ ಕಡಿಮೆ ಮಾಡಬಹುದು, ಆದರೆ ಅದಕ್ಕೆ ಕಾಲ ಬೇಕು. 1997ರಲ್ಲಿ ಅಮೆರಿಕದ್ದೇ ಒಂದು ನಾಯಿ ಆಶ್ರಯದಲ್ಲಿ ರಕ್ತ ಪರೀಕ್ಷೆ ಮಾಡಿ ನೋಡಿದಾಗ ಮೊದಲ ಮೂರು ದಿನ ನಾಯಿಗಳ ಮೈಯಲ್ಲಿ ಭಯದ ಹೊತ್ತಿನ ಹಾರ್ಮೋನು ತುಂಬಾ ಹೆಚ್ಚಿರುವುದು ಕಂಡಿತು.

ಮೊದಲ ಮೂರು ದಿನ. ನಮ್ಮ ಮಗು ಮಂಚದಡಿ ತೂರಿದ್ದು ಮೂರನೇ ದಿನ. ಮಗುವನ್ನು ಅಲ್ಲಿಗೆ ಬಿಟ್ಟದ್ದು ನಮ್ಮ ತಪ್ಪು.

ನಾವು ಮಾಡಿದ್ದು

ನಾಯಿ ಸಾಕುವವರ ನಡುವೆ ಒಂದು ಅಂದಾಜಿನ ಲೆಕ್ಕವಿದೆ: ಭಯ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಎಲ್ಲ ನಾಯಿಗೂ ಹೀಗೇ ಅಂತಲ್ಲ. ಕೆಂಚಿಗೆ ಮೊದಲ ಲೆಕ್ಕಕ್ಕೇ ಹನ್ನೆರಡು ದಿನ ಹಿಡಿಯಿತು.

ನಾವು ಮಾಡಿದ್ದರಲ್ಲಿ ದೊಡ್ಡದೇನೂ ಇಲ್ಲ.

ಮಂಚದಡಿ ಕೆಂಚಿಯ ಜಾಗ ಎಂದು ಗೊತ್ತು ಮಾಡಿದೆವು. ಅಲ್ಲಿಗೆ ಯಾರೂ ಕೈ ಹಾಕುವಂತಿಲ್ಲ, ಇಣುಕುವಂತಿಲ್ಲ. ಮಗುವಿಗೆ ಹೇಳಿಕೊಟ್ಟೆವು: ತಿನ್ನುವಾಗ, ಮಲಗಿದಾಗ ಮುಟ್ಟಬಾರದು. ಅದಾಗಿ ಹತ್ತಿರ ಬಂದರೆ ಮಾತ್ರ ಪಕ್ಕೆ ಸವರಬೇಕು, ತಲೆ ಮೇಲಿನಿಂದ ಕೈ ತರಬಾರದು. ಆಗಲೂ ದೊಡ್ಡವರೊಬ್ಬರು ಜೊತೆಗಿರಬೇಕು.

ನೆಂಟರನ್ನು, ಬೀದಿಯ ಹುಡುಗರನ್ನು ನೋಡಲು ಕರೆಯಲಿಲ್ಲ. ದಿನಾ ಅದೇ ಹೊತ್ತಿಗೆ, ಅದೇ ತಟ್ಟೆಯಲ್ಲಿ, ಅದೇ ಜಾಗದಲ್ಲಿ ಊಟ. ಉಪ್ಪು ಖಾರವಿಲ್ಲದ ಅನ್ನ, ಮೊಟ್ಟೆ, ಕೆಲವೊಮ್ಮೆ ಮುದ್ದೆ. ಈರುಳ್ಳಿ ಬಿದ್ದ ಸಾರು ಹಾಕಲಿಲ್ಲ, ಈರುಳ್ಳಿ ನಾಯಿಗೆ ಆಗುವುದಿಲ್ಲ. ಮೊದಲ ವಾರ ಹಗ್ಗವಿಲ್ಲದೆ ಹೊರಗೆ ಬಿಡಲಿಲ್ಲ. ಹೊಸ ಜಾಗದಲ್ಲಿ ಬೆದರಿ ಓಡಿದ ನಾಯಿಗೆ ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ.

ದಿನಾ ರಾತ್ರಿ ಊಟ ಆದ ಮೇಲೆ ನಾನು ಮಂಚದಿಂದ ಎರಡು ಮಾರು ದೂರ ನೆಲದ ಮೇಲೆ ಕೂತು ಫೋನಿನಲ್ಲಿ ಓದುತ್ತಿದ್ದೆ. ಕರೆಯಲಿಲ್ಲ, ದಿಟ್ಟಿಸಿ ನೋಡಲಿಲ್ಲ. ಈ ಲೇಖನದ ಮುಕ್ಕಾಲು ಓದು ನಡೆದದ್ದು ಅಲ್ಲೇ. ಹನ್ನೆರಡನೇ ರಾತ್ರಿ ಮಂಚದ ಕಾಲಿನ ಪಕ್ಕ ಒಂದು ಮೂತಿ ಕಂಡಿತು. ಹದಿನಾರನೇ ರಾತ್ರಿ ಆ ಮೂತಿ ನನ್ನ ಮಂಡಿಗೆ ತಾಗಿತು. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, ಸದ್ದು ಮಾಡದೆ ಒಳಗೆ ಹೋದರು.

ಕೋಳಿ, ಹಸುಗಳ ಪರಿಚಯ ಹಗ್ಗ ಹಿಡಿದೇ ಆಯಿತು, ದೂರದಿಂದ ಶುರುಮಾಡಿ. ಒಂದು ಕೋಳಿ ಹೋಯಿತು, ಸುಳ್ಳು ಹೇಳುವುದಿಲ್ಲ. ಅದಕ್ಕೆ ಹೊಡೆಯಲಿಲ್ಲ. ಹಗ್ಗ ಇನ್ನೂ ಒಂದು ತಿಂಗಳು ಉಳಿಯಿತು, ಅಷ್ಟೇ. ಪಶು ಆಸ್ಪತ್ರೆಯಲ್ಲಿ ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆಯ ಚೀಟಿ ತೋರಿಸಿ ಮುಂದಿನ ತಾರೀಕು ಬರೆಸಿಕೊಂಡೆವು.

ಕಿಚ್ಚಿನ ಸಂಜೆ

ಸಂಕ್ರಾಂತಿ ಬಂತು. ನಮ್ಮ ಕಡೆ ಸಂಕ್ರಾಂತಿ ಅಂದರೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದು. ಬೆಂಕಿ, ತಮಟೆ, ಕೂಗು, ಓಡುವ ಎತ್ತುಗಳು. ನಾನು ಕೆಂಚಿಯನ್ನು ನಡುಮನೆಯಲ್ಲಿ ಬಿಟ್ಟು ಬಾಗಿಲು ಎಳೆದುಕೊಂಡು ಕಿಚ್ಚಿನ ಹತ್ತಿರ ಹೋಗಿದ್ದೆ. ಮಂಡಿನೋವಿದ್ದ ಅಪ್ಪ ಜಗುಲಿಯಲ್ಲೇ ಕೂತು ನೋಡುತ್ತಿದ್ದರು.

ತಮಟೆ ಸದ್ದಿಗೆ ಅದು ಮಂಚದಡಿ ಸೇರಿರುತ್ತದೆ ಅಂದುಕೊಂಡೇ ವಾಪಸ್ ಬಂದೆ. ಬಾಗಿಲು ಒಂದಿಷ್ಟು ತೆರೆದಿತ್ತು. ಕೆಂಚಿ ಜಗುಲಿ ಮೇಲಿತ್ತು, ಅಪ್ಪನ ಕಾಲಿಗೆ ಬೆನ್ನು ಒತ್ತಿಕೊಂಡು. ಮೈ ನಡುಗುತ್ತಿತ್ತು. ಅಪ್ಪ ಅದನ್ನು ಮುಟ್ಟಿರಲಿಲ್ಲ, ಓಡಿಸಿಯೂ ಇರಲಿಲ್ಲ. ಕಾಲು ಅಲ್ಲಾಡಿಸದೆ ಕೂತಿದ್ದರು. ಅವರಿಗೆ ಪಾವ್ಲೋವ್ ಗೊತ್ತಿಲ್ಲ.

"ಬೆದ್ರಿಬುಟ್ಟದೆ" ಅಂದರು. ಅಷ್ಟೇ.

ಅದರ ಕೆಳಗೆ ಹಾಸಿದ್ದು ಅದೇ ಗೋಣಿಚೀಲ. ಜಗುಲಿ ಕಲ್ಲು ತಣ್ಣಗಿರುತ್ತದೆಂದು ಹಾಸಿದ್ದರೋ, ಮೊದಲೇ ಅಲ್ಲಿ ಬಿದ್ದಿತ್ತೋ, ನಾನು ಕೇಳಲಿಲ್ಲ. ಗಡುವಿನ ಮಾತನ್ನು ಅಪ್ಪನೂ ಎತ್ತಲಿಲ್ಲ.

ಕಾಳಿಗೆ ಕಲ್ಲು ನಿಲ್ಲಿಸಿದ್ದು ಅದು ಹಂದಿ ಕೊಂದದ್ದಕ್ಕೆ. ಕೆಂಚಿ ಏನನ್ನೂ ಕೊಂದಿಲ್ಲ, ಆ ಒಂದು ಕೋಳಿ ಬಿಟ್ಟರೆ. ಅದಕ್ಕೆ ಕಲ್ಲು ಬೇಡ, ಎರಡು ಖಂಡುಗ ಗದ್ದೆಯೂ ಬೇಡ. ಮನೆಗೆ ತಂದವರು ಮೂರು ದಿನಕ್ಕೇ ತೀರ್ಪು ಕೊಡದೆ ಮೂರು ತಿಂಗಳು ಕಾದರೆ ಸಾಕು.

ನಿಮ್ಮೂರಲ್ಲೂ ಯಾವುದಾದರೂ ನಾಯಿ ಹೊಸದಾಗಿ ಯಾರದಾದರೂ ಮನೆ ಸೇರಿ, ಉಣ್ಣದೆ ಮೂಲೆ ಹಿಡಿದು ಕೂತಿದ್ದರೆ ಆ ಮನೆಯವರಿಗೆ ಇಷ್ಟು ಹೇಳಿ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಬಿಡುವಿದ್ದರೆ ಕಸ್ತೂರಬಾ ರಸ್ತೆಗೂ ಹೋಗಿ ಬನ್ನಿ. ನಮ್ಮ ಮದ್ದೂರು ಸೀಮೆಯ ಕಾಳಿ ಅಲ್ಲಿ ಕಲ್ಲಿನಲ್ಲಿ ನಿಂತಿದೆ.